ಹೊಸ ಟೀಮ್ ಲೀಡ್‌ಗೆ ಮೊದಲ 90 ದಿನ: ಜನರನ್ನು ಮುನ್ನಡೆಸಲು ಕಲಿಯುವ ಸಮಗ್ರ ಮಾರ್ಗದರ್ಶಿ

ಕೆಲಸದಲ್ಲಿ ಚುರುಕಾಗಿದ್ದವರನ್ನು ಟೀಮ್ ಲೀಡ್ ಮಾಡುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ವ್ಯಕ್ತಿ ರಾತ್ರಿ ಹತ್ತರವರೆಗೆ ಕೂತು ತಂಡದ ಎಲ್ಲರ ಕೆಲಸವನ್ನೂ ಒಬ್ಬರೇ ತಿದ್ದುತ್ತಿರುತ್ತಾರೆ. ತಂಡದವರು ಸಂಜೆ ಆರಕ್ಕೇ ಎದ್ದು ಹೋಗಿರುತ್ತಾರೆ. ಇವರಿಗೆ ಅವರ ಮೇಲೆ ಸಿಟ್ಟು, ಅವರಿಗೆ ಇವರ ಮೇಲೆ ಬೇಸರ. ಸಲಹೆ ಕೇಳಿ ಬರುವವರಲ್ಲಿ ಈ ಚಿತ್ರವನ್ನು ಮತ್ತೆ ಮತ್ತೆ ನೋಡಿದ್ದೇನೆ, ನಾನೂ ಅದರೊಳಗೆ ಸಿಕ್ಕಿ ಹೊರಬಂದವನೇ.

ಇವರೆಲ್ಲ ಒಳ್ಳೆಯ ಮನಸ್ಸಿನವರೇ. ಎಡವುವುದು ಕ್ರಮದಲ್ಲಿ. ಮಾತುಕತೆಯ ಪರಿಚಯವೇ ಇಲ್ಲದಾಗ ತಪ್ಪು ಎತ್ತಿ ತೋರಿಸಿದರೆ ಅದು ಕೊಂಕಾಗಿ ಕೇಳುತ್ತದೆ. ಏನು ಬೇಕೆಂದು ಹೇಳದೆ ಕೆಲಸ ಒಪ್ಪಿಸಿದರೆ ಅದು ಎರಡು ಸಲ ಮಾಡಿಸಿಕೊಳ್ಳುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ, ಹಿಂದಿನದು ಅರ್ಧಕ್ಕೆ ನಿಂತಿರುವಾಗ ಮುಂದಿನದಕ್ಕೆ ಹಾರಬೇಡಿ.

## ಶುರು ಮಾಡುವ ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ತಂಡದ ಪ್ರತಿಯೊಬ್ಬರಿಗೂ ಅದರಲ್ಲಿ ನಾಲ್ಕೈದು ಪುಟ. ಫೋನಿನಲ್ಲೂ ಬರೆದುಕೊಳ್ಳಬಹುದು, ಆದರೆ ನೀವು ಸ್ಕ್ರೀನ್ ನೋಡುತ್ತಿದ್ದರೆ ಎದುರಿಗೆ ಕೂತವರಿಗೆ ಬೇರೆ ಯಾರದೋ ಮೆಸೇಜ್ ಓದುತ್ತಿದ್ದೀರಿ ಅನ್ನಿಸುತ್ತದೆ. ಕಾಗದವೇ ವಾಸಿ. ಬೇರೆಯವರ ಕೈಗೆ ಸಿಗದ ಕಡೆ ಇಡಿ.

ಕ್ಯಾಲೆಂಡರಿನಲ್ಲಿ ಪ್ರತಿ ವಾರ ಒಬ್ಬೊಬ್ಬರಿಗೆ 30 ನಿಮಿಷ. ಆರು ಜನರಿದ್ದರೆ ಮೂರು ಗಂಟೆ ಆಯಿತು. ಅಷ್ಟು ಸಮಯ ಎಲ್ಲಿಂದ ತರಲಿ ಎನ್ನುವವರಿಗೆ ಉತ್ತರ 1ನೇ ಹಂತದಲ್ಲಿದೆ.

ಯಾರ ಹತ್ತಿರ ಯಾವ ಕೆಲಸ ಇದೆ, ಯಾವಾಗ ಮುಗಿಯಬೇಕು ಎಂದು ಎಲ್ಲರಿಗೂ ಕಾಣುವ ಒಂದು ಪಟ್ಟಿ. ಸಾದಾ ಸ್ಪ್ರೆಡ್‌ಶೀಟ್ ಸಾಕು.

ಕೊನೆಯದಾಗಿ, ನಿಮ್ಮ ಮೇಲಿನವರಿಂದ ಮೂರು ಪ್ರಶ್ನೆಗೆ ಉತ್ತರ. ಮೂರು ತಿಂಗಳ ಕೊನೆಗೆ ಈ ತಂಡ ಏನನ್ನು ಮುಗಿಸಿರಬೇಕು? ಯಾವ ನಿರ್ಧಾರಗಳನ್ನು ನಿಮ್ಮನ್ನು ಕೇಳದೆ ನಾನೇ ತೆಗೆದುಕೊಳ್ಳಬಹುದು? ರಜೆ, ಸಂಬಳ ಏರಿಕೆ, ಬಡ್ತಿಯಲ್ಲಿ ನನ್ನ ಮಾತಿಗೆ ಎಷ್ಟು ತೂಕ? ಮೂರನೆಯದನ್ನು ಕೇಳಲು ಹಲವರಿಗೆ ಸಂಕೋಚ. ಕೇಳಲೇಬೇಕು. ಮೊದಲ ತಿಂಗಳಲ್ಲೇ ತಂಡದವರೊಬ್ಬರು ಬಡ್ತಿಯ ವಿಷಯ ತೆಗೆಯುತ್ತಾರೆ. ಆಗ ನಿಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಮಾತು ಕೊಟ್ಟುಬಿಟ್ಟರೆ ಆ ಮಾತು ವರ್ಷಗಟ್ಟಲೆ ನಿಮ್ಮ ಬೆನ್ನು ಬಿಡುವುದಿಲ್ಲ.

## ಹಂತ 1: ಹಳೆಯ ಕೆಲಸವನ್ನು ಕೆಳಗಿಳಿಸಿ (1ನೇ ವಾರ)

ಐದು ದಿನ, ಪ್ರತಿ ಸಂಜೆ ಹತ್ತು ನಿಮಿಷ ಕೂತು ಆ ದಿನದ ಸಮಯ ಎಲ್ಲಿ ಹೋಯಿತೆಂದು ಎರಡು ಸಾಲಿನಲ್ಲಿ ಬರೆಯಿರಿ. ಒಂದು ಸಾಲು ನಿಮ್ಮ ಕೈಯಾರೆ ಮಾಡಿದ ಕೆಲಸ. ಇನ್ನೊಂದು, ಬೇರೆಯವರು ತಮ್ಮ ಕೆಲಸ ಮಾಡಲು ಆಗುವಂತೆ ನೀವು ಮಾಡಿದ್ದು: ಮಾತು, ವಿವರಣೆ, ಅಡ್ಡಿ ತೆಗೆದದ್ದು, ಪರಿಶೀಲನೆ. ನಾಲ್ಕೈದು ಜನರ ತಂಡವಿದ್ದರೆ ಎರಡನೆಯ ಸಾಲಿಗೆ ಕನಿಷ್ಠ ಅರ್ಧ ಸಮಯ ಹೋಗಬೇಕೆಂಬುದು ನನ್ನ ಲೆಕ್ಕ. ಮೊದಲ ವಾರ ಬಹುತೇಕರದು ಅದರ ಹತ್ತಿರಕ್ಕೂ ಬರುವುದಿಲ್ಲ.

ಇದಕ್ಕೆ ಕಾರಣ ಸೋಮಾರಿತನವಲ್ಲ, ಹೆದರಿಕೆ. ಹಳೆಯ ಕೆಲಸದಲ್ಲಿ ಸಂಜೆ ಹೊತ್ತಿಗೆ ಏನೋ ಮುಗಿದಿರುತ್ತದೆ, ಕಣ್ಣಿಗೆ ಕಾಣುತ್ತದೆ. ಜನರ ಜೊತೆಗಿನ ಕೆಲಸದ ಫಲ ಕಾಣಲು ತಿಂಗಳುಗಳು ಬೇಕು. ಜೊತೆಗೆ, ಕೈಯ ಕುಶಲತೆ ಹೋದರೆ ತಂಡ ಗೌರವಿಸುತ್ತದೆಯೇ ಎಂಬ ಅಳುಕು. ಗೂಗಲ್ ಕಂಪನಿ ತನ್ನ ಒಳ್ಳೆಯ ಮ್ಯಾನೇಜರುಗಳು ಏನು ಮಾಡುತ್ತಾರೆ ಎಂದು 'ಪ್ರಾಜೆಕ್ಟ್ ಆಕ್ಸಿಜನ್' ಹೆಸರಿನಲ್ಲಿ ಅಧ್ಯಯನ ಮಾಡಿಸಿದಾಗ ಮೊದಲ ಪಟ್ಟಿಯಲ್ಲಿ ಸಿಕ್ಕಿದ್ದು 8 ನಡವಳಿಕೆಗಳು. ಮೊದಲನೆಯದು, ಒಳ್ಳೆಯ ಕೋಚ್‌ನಂತೆ ತಂಡದವರನ್ನು ತಯಾರು ಮಾಡುವುದು. ತಾಂತ್ರಿಕ ಕೌಶಲ ಕೊನೆಯ, ಎಂಟನೆಯ ಸ್ಥಾನದಲ್ಲಿತ್ತು. ಎಂಜಿನಿಯರುಗಳೇ ತುಂಬಿದ ಕಂಪನಿಯ ಮಾತಿದು.

ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದಿರುವ ಕೆಲಸಗಳನ್ನು ನೋಡಿ, ಮುಂದಿನ ಆರು ವಾರಗಳಲ್ಲಿ ಬೇರೆಯವರಿಗೆ ಹೋಗಬೇಕಾದವನ್ನು ಗುರುತು ಹಾಕಿ. ಈಗಲೇ ಕೊಡಬೇಡಿ. ಗುರುತಷ್ಟೇ ಸಾಕು, ಕೊಡುವುದು 4ನೇ ಹಂತದಲ್ಲಿ. ಒಂದು ಎಚ್ಚರ: ಬೇಸರದ ಕೆಲಸವನ್ನೆಲ್ಲ ಕೊಡಲು ಗುರುತಿಸಿ, ರುಚಿಯಾದದ್ದನ್ನು ನಿಮಗೇ ಇಟ್ಟುಕೊಂಡಿದ್ದೀರಾ? ತಂಡದವರು ಅದನ್ನು ಒಂದೇ ವಾರದಲ್ಲಿ ಕಂಡುಹಿಡಿಯುತ್ತಾರೆ.

## ಹಂತ 2: ಒಬ್ಬೊಬ್ಬರ ಜೊತೆ ಮೊದಲ ಮಾತು (1ರಿಂದ 3ನೇ ವಾರ)

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಮಾಡುತ್ತೇನೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಎಲ್ಲರಿಗೂ ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಸಮಯ ತಿಳಿಸಿ. "ಸ್ವಲ್ಪ ಮಾತಾಡಬೇಕು, ಬನ್ನಿ" ಎಂದು ಒಬ್ಬರಿಗೆ ಮಾತ್ರ ಹೇಳಿದರೆ ಅವರು ಆ ರಾತ್ರಿ ನಿದ್ದೆಗೆಡುತ್ತಾರೆ. ವಿಷಯವನ್ನೂ ಬರೆಯಿರಿ: ನಿಮ್ಮ ಕೆಲಸ ಹೇಗಿದೆ ಎಂದು ತಿಳಿದುಕೊಳ್ಳುವುದು, ಮೌಲ್ಯಮಾಪನವಲ್ಲ. ನಿಮಗೆ ಆಪ್ತರಾದವರಿಂದ ಶುರು ಮಾಡಬೇಡಿ. ಉಳಿದವರು ಸಾಲನ್ನು ಗಮನಿಸುತ್ತಾರೆ.

ಕೇಳುವ ಪ್ರಶ್ನೆಯಲ್ಲೇ ಅರ್ಧ ಕೆಲಸ ಇದೆ. "ಏನಾದರೂ ಸಮಸ್ಯೆ ಇದೆಯಾ?" ಎಂದರೆ "ಏನೂ ಇಲ್ಲ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದರ ಬದಲು, "ಕಳೆದ ತಿಂಗಳು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ?", "ಯಾವುದನ್ನು ದಿನಾ ನಾಳೆಗೆ ತಳ್ಳುತ್ತಿದ್ದೀರಿ?", "ನಿಮ್ಮ ಕೆಲಸದಲ್ಲಿ ಯಾವ ಒಂದು ಅಡ್ಡಿ ತೆಗೆದರೆ ವಾರ ಹಗುರಾಗುತ್ತದೆ?", "ತಪ್ಪಾದಾಗ ನಿಮಗೆ ಹೇಗೆ ಹೇಳಿದರೆ ಸರಿಹೋಗುತ್ತದೆ?" ಎಂದು ಕೇಳಿ. ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ. 5ನೇ ಹಂತದಲ್ಲಿ ಬೇಕಾಗುತ್ತದೆ.

ಕೇಳಿದ ಮೇಲೆ ಸುಮ್ಮನಿರಿ. ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿ. ನನ್ನ ತಂಡದ ಹಿರಿಯರೊಬ್ಬರು ಅಡ್ಡಿಯ ಪ್ರಶ್ನೆಗೆ ಮೊದಲು "ಅಂಥದ್ದೇನಿಲ್ಲ" ಎಂದರು. ನಾನು ಮುಂದಿನ ಪ್ರಶ್ನೆಗೆ ಹೋಗಬೇಕೆನ್ನುವಷ್ಟರಲ್ಲಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ ಕೂತಿದ್ದವರು, "ಒಂದು ಫೈಲ್ ತೆರೆಯೋಕೆ ನಾನು ದಿನಾ ಆ ಹುಡುಗನ್ನ ಪಾಸ್‌ವರ್ಡ್ ಕೇಳ್ಬೇಕು" ಎಂದರು. ಹನ್ನೊಂದು ತಿಂಗಳಿಂದ. ಅವರಿಗಿಂತ ಹದಿನೈದು ವರ್ಷ ಚಿಕ್ಕವನ ಮೇಜಿನ ಮುಂದೆ ದಿನಾ ಹೋಗಿ ನಿಲ್ಲಬೇಕಿತ್ತು. ಅನುಮತಿ ಕೊಡಿಸಲು ಬೇಕಾದದ್ದು ಒಂದು ಇಮೇಲ್.

ಈ ಮೊದಲ ಸುತ್ತಿನಿಂದ ಪ್ರತಿಯೊಬ್ಬರಿಗೂ ಒಂದು ಚಿಕ್ಕ ವಿಷಯ ಆರಿಸಿ, ಏಳು ದಿನದೊಳಗೆ ಮಾಡಿಕೊಡಿ. ದೊಡ್ಡದಕ್ಕೆ ಕೈಹಾಕಬೇಡಿ. ಹೇಳಿದ್ದು ನಡೆಯುತ್ತದೆ ಎಂದು ಒಮ್ಮೆ ಗೊತ್ತಾದರೆ ಎರಡನೆಯ ಸುತ್ತಿನಲ್ಲಿ ನಿಜವಾದ ಮಾತು ಬರುತ್ತದೆ.

ಇಲ್ಲಿ ಎರಡು ಇಕ್ಕಟ್ಟು ಬರುತ್ತವೆ. ಒಂದು, ನಿನ್ನೆಯವರೆಗೆ 'ನೀನು' ಎಂದು ಕರೆಯುತ್ತಿದ್ದ ಗೆಳೆಯ ಇಂದು ನಿಮ್ಮ ತಂಡದವನು. ಏಕವಚನ ಬಿಡಬೇಕೇ? ಇಬ್ಬರೇ ಇರುವಾಗ ಬಿಡಬೇಕಿಲ್ಲ, ಕೃತಕವಾಗುತ್ತದೆ. ಆದರೆ ಮೀಟಿಂಗಿನಲ್ಲಿ ಒಬ್ಬರಿಗೆ 'ನೀನು', ಉಳಿದವರಿಗೆ 'ನೀವು' ಎಂದರೆ ಕೇಳುವವರಿಗೆ ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಪಟ್ಟಿಯೇ ಸಿಕ್ಕಿದಂತೆ. ಎಲ್ಲರೆದುರು ಎಲ್ಲರಿಗೂ ಒಂದೇ ವಚನ. ಇದನ್ನು ಗೆಳೆಯನಿಗೆ ಮೊದಲೇ ಹೇಳಿ, ನೊಂದುಕೊಳ್ಳುವುದಿಲ್ಲ. ಎರಡು, ನಿಮ್ಮ ಹುದ್ದೆಯನ್ನೇ ಬಯಸಿದ್ದು ಸಿಗದವರು. ಆ ವಿಷಯವನ್ನು ಮುಚ್ಚಿಟ್ಟಷ್ಟೂ ಅದು ಹುಳಿಯುತ್ತದೆ. "ಈ ಜಾಗಕ್ಕೆ ನೀವೂ ಅರ್ಹರಿದ್ದಿರಿ, ನಿಮಗೆ ಬೇಸರವಾಗಿರಬಹುದು. ನಿಮಗೆ ಯಾವ ಜವಾಬ್ದಾರಿ ಬೇಕು ಎಂದು ಮಾತಾಡೋಣ" ಎಂದು ನೀವೇ ಬಾಯಿಬಿಡಿ.

ಸಾಮಾನ್ಯ ತಪ್ಪುಗಳು: ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ನೀವೇ ಮಾತಾಡುವುದು, ಅದನ್ನು ಕೆಲಸದ ವರದಿ ಒಪ್ಪಿಸುವ ಸಮಯ ಮಾಡುವುದು, ತುರ್ತು ಬಂತೆಂದು ರದ್ದು ಮಾಡುವುದು. ಮುಂದೂಡಿದರೆ ಅದೇ ವಾರದಲ್ಲಿ ಬೇರೆ ಸಮಯ ಕೊಡಿ. ಎರಡು ಸಲ ರದ್ದಾದರೆ ಮೂರನೆಯ ಸಲ ಅವರು ಸಿದ್ಧವಾಗಿ ಬರುವುದಿಲ್ಲ.

## ಹಂತ 3: ನಿರೀಕ್ಷೆಯನ್ನು ಬಾಯಿಬಿಟ್ಟು ಹೇಳಿ (3 ಮತ್ತು 4ನೇ ವಾರ)

1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ವಿದ್ಯಾರ್ಥಿನಿ ಒಂದು ಪ್ರಯೋಗ ಮಾಡಿದರು. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡೊಂದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಇನ್ನೊಬ್ಬರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟು ಸಲವಾದರೂ ಗುರುತು ಹಿಡಿಯುತ್ತಾರೆ ಎಂದು ತಟ್ಟುವವರು ಅಂದಾಜು ಮಾಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3. ತಟ್ಟುವವರ ತಲೆಯಲ್ಲಿ ಇಡೀ ಹಾಡು ಓಡುತ್ತಿತ್ತು, ಕೇಳುವವರಿಗೆ ಬರೀ ಟಕ್ ಟಕ್.

"ಇದನ್ನು ಸ್ವಲ್ಪ ಬೇಗ, ನೀಟಾಗಿ ಮಾಡಿ ಕೊಡಿ" ಎನ್ನುವಾಗ ನೀವು ಮೇಜು ತಟ್ಟುತ್ತಿದ್ದೀರಿ. 'ಬೇಗ' ಎಂದರೆ ನಿಮಗೆ ಇಂದು ನಾಲ್ಕು ಗಂಟೆ, ಅವರಿಗೆ ಈ ವಾರ. 'ನೀಟಾಗಿ' ಎಂದರೆ ನಿಮಗೆ ಲೆಕ್ಕ ತಾಳೆಯಾಗಿರಬೇಕು, ಅವರಿಗೆ ಪುಟ ಅಂದವಾಗಿರಬೇಕು. 'ಒಮ್ಮೆ ನೋಡಿ', 'ಸಾಧ್ಯವಾದರೆ', 'ಪ್ರೊಫೆಷನಲ್ ಆಗಿ' ಇವೂ ಅದೇ ಜಾತಿಯ ಪದಗಳು. ನಿಮ್ಮ ಕಳೆದ ವಾರದ ಹತ್ತು ಇಮೇಲ್ ತೆಗೆದು ಇಂಥ ಪದಗಳಿಗೆ ಅಡಿಗೆರೆ ಎಳೆಯಿರಿ. ನಾನು ಎಳೆದಾಗ ಒಂದೇ ಇಮೇಲಿನಲ್ಲಿ ಐದು ಸಿಕ್ಕವು.

ಆಮೇಲೆ ತಂಡದ ಜೊತೆ ಕೂತು ಒಂದು ಪುಟ ಬರೆಯಿರಿ, ಒಂದೇ ಪುಟ. ಅದರಲ್ಲಿ ಇರಬೇಕಾದದ್ದು: ನಮ್ಮಲ್ಲಿ 'ಮುಗಿದಿದೆ' ಎಂದರೆ ಏನೇನು ಆಗಿರಬೇಕು. ಮೆಸೇಜ್‌ಗೆ ಎಷ್ಟು ಹೊತ್ತಿನಲ್ಲಿ ಉತ್ತರ ಬೇಕು, ಯಾವ ಹೊತ್ತಿನ ನಂತರ ಬೇಕಿಲ್ಲ. ಕೆಲಸ ತಡವಾಗುತ್ತದೆ ಎಂದು ಅನುಮಾನ ಬಂದರೆ ಯಾವಾಗ ಹೇಳಬೇಕು (ಗಡುವಿನ ದಿನವಲ್ಲ, ಅನುಮಾನ ಬಂದ ದಿನ). ಯಾವುದಕ್ಕೆ ನನ್ನನ್ನು ಕೇಳಬೇಕು, ಯಾವುದಕ್ಕೆ ಕೇಳಬೇಕಿಲ್ಲ. ನೀವೇ ಬರೆದು ತಂದು ಓದಿ ಹೇಳಿದರೆ ಅದು ಸುತ್ತೋಲೆಯಾಗುತ್ತದೆ. ಅವರು ತಿದ್ದಿದ ಎರಡು ಸಾಲಾದರೂ ಅದರಲ್ಲಿ ಉಳಿಯಲಿ.

"ಅರ್ಥವಾಯಿತಾ?" ಎಂದು ಕೇಳುವುದನ್ನು ಬಿಡಿ. ಇಲ್ಲ ಎನ್ನಲು ಧೈರ್ಯ ಬೇಕು. "ಮೊದಲು ಯಾವುದರಿಂದ ಶುರು ಮಾಡುತ್ತೀರಿ?" ಎಂದು ಕೇಳಿದರೆ ಅರ್ಥವಾಗಿದೆಯೋ ಇಲ್ಲವೋ ಎರಡು ವಾಕ್ಯದಲ್ಲಿ ತಿಳಿಯುತ್ತದೆ.

## ಹಂತ 4: ಕೆಲಸ ಒಪ್ಪಿಸುವುದು (5ನೇ ವಾರದಿಂದ)

ಅತಿ ಹೆಚ್ಚು ಜನ ಸೋಲುವುದು ಇಲ್ಲಿ. ಹೇಗೆಂದು ನನ್ನದೇ ಒಂದು ಘಟನೆ ಹೇಳುತ್ತೇನೆ.

ತಿಂಗಳ ವರದಿಯನ್ನು ತಂಡದ ಒಬ್ಬಳಿಗೆ ಒಪ್ಪಿಸಿದ್ದೆ. ಹೇಳಿದ ದಿನವೇ ಕಳಿಸಿದಳು. ನನಗೆ ಒಪ್ಪಿಗೆಯಾಗಲಿಲ್ಲ. ಮರುದಿನ ಬೆಳಿಗ್ಗೆ ಮೇಲಕ್ಕೆ ಹೋಗಬೇಕಿತ್ತು, ಹಾಗಾಗಿ ರಾತ್ರಿ ಕೂತು ಹನ್ನೆರಡು ಪುಟಗಳಲ್ಲಿ ಎಂಟನ್ನು ಮತ್ತೆ ಬರೆದೆ. ಅವಳಿಗೆ ಏನೂ ಹೇಳಲಿಲ್ಲ, ನೋಯಿಸುವುದೇಕೆ ಎಂದುಕೊಂಡೆ. ಅಂತಿಮ ಪ್ರತಿ ಎಲ್ಲರಿಗೂ ಹೋದಾಗ ಅವಳೂ ನೋಡಿದಳು. ಮುಂದಿನ ತಿಂಗಳ ವರದಿ ಅರೆಬರೆಯಾಗಿ ಬಂತು. ಕೇಳಿದರೆ, "ಹೇಗೂ ನೀವು ಬದಲಾಯಿಸ್ತೀರಲ್ಲ" ಎಂದಳು. ಅದರಲ್ಲಿ ಕೋಪವಿರಲಿಲ್ಲ. ಇಲ್ಲಿ ಕೆಲಸ ನಡೆಯುವುದೇ ಹೀಗೆ ಎಂದು ಅರ್ಥಮಾಡಿಕೊಂಡಿದ್ದಳು, ಕಲಿಸಿದವನು ನಾನೇ.

ಸರಿಯಾದ ಕ್ರಮ ಹೀಗಿದೆ.

1. ಕೆಲಸವನ್ನೂ ವ್ಯಕ್ತಿಯನ್ನೂ ಹೊಂದಿಸಿ. 1ನೇ ಹಂತದಲ್ಲಿ ಗುರುತಿಸಿದ ಕೆಲಸಗಳನ್ನು 2ನೇ ಹಂತದ ಟಿಪ್ಪಣಿಗಳ ಪಕ್ಕ ಇಡಿ. ಯಾರಿಗೆ ಅದು ಒಂದು ಮೆಟ್ಟಿಲು ಮೇಲಿನದು? ಎರಡು ಮೆಟ್ಟಿಲಾದರೆ ಬೀಳುತ್ತಾರೆ, ಸಮತಟ್ಟಾದರೆ ಬೇಸರ. ಎಲ್ಲವನ್ನೂ ತಂಡದ ಅತ್ಯಂತ ಸಮರ್ಥರಿಗೇ ಕೊಡುವ ಚಪಲ ಬರುತ್ತದೆ. ದುಡಿಯುವ ಎತ್ತಿನ ಹೆಗಲಿಗೇ ನೊಗದ ಮೇಲೆ ನೊಗ ಹಾಕಿದರೆ ಮೊದಲು ರಾಜೀನಾಮೆ ಕೊಡುವವರೂ ಅವರೇ.

2. ಐದು ವಿಷಯ ಹೇಳಿ. ಕೊನೆಗೆ ಏನು ಕೈಗೆ ಬರಬೇಕು, ಅದು ಯಾರಿಗೆ ಮತ್ತು ಯಾಕೆ ಬೇಕು, ಯಾವಾಗ ಬೇಕು, ಯಾವ ಗಡಿ ದಾಟಬಾರದು, ಅಡ್ಡಿ ಬಂದರೆ ಯಾರನ್ನು ಕೇಳಬೇಕು. ಹೇಗೆ ಮಾಡಬೇಕು ಎಂಬುದನ್ನು ಅವರಿಗೇ ಬಿಡಿ. 'ಯಾಕೆ' ಎಂಬುದನ್ನು ಬಿಡಲೇಬೇಡಿ. ಯಾಕೆಂದು ಗೊತ್ತಿದ್ದವರು ದಾರಿ ಮುಚ್ಚಿದಾಗ ಬೇರೆ ದಾರಿ ಹುಡುಕುತ್ತಾರೆ, ಗೊತ್ತಿಲ್ಲದವರು ಅಲ್ಲೇ ನಿಂತು ಕಾಯುತ್ತಾರೆ.

3. ಅಧಿಕಾರ ಎಷ್ಟೆಂದು ಹೇಳಿ. ಇದಕ್ಕೆ ನಾಲ್ಕು ಮಟ್ಟ ಸಾಕು: ಒಂದು, ಮಾಹಿತಿ ತಂದುಕೊಡಿ, ನಾನು ನಿರ್ಧರಿಸುತ್ತೇನೆ; ಎರಡು, ನಿಮ್ಮ ಸಲಹೆ ತನ್ನಿ, ಸೇರಿ ನಿರ್ಧರಿಸೋಣ; ಮೂರು, ನೀವೇ ನಿರ್ಧರಿಸಿ, ಮಾಡುವ ಮೊದಲು ತಿಳಿಸಿ; ನಾಲ್ಕು, ನೀವೇ ಮಾಡಿ ಮುಗಿಸಿ. ಹೊಸಬರಿಗೆ ನಾಲ್ಕನೆಯದನ್ನು ಕೊಟ್ಟರೆ ಅದು ನಂಬಿಕೆಯಲ್ಲ, ಕೈಬಿಡುವುದು. ಹತ್ತು ವರ್ಷ ಅನುಭವ ಇರುವವರಿಗೆ ಮೊದಲನೆಯದನ್ನು ಕೊಟ್ಟರೆ ಅವಮಾನ. ಒಬ್ಬರೇ ವ್ಯಕ್ತಿ ಒಂದು ಕೆಲಸದಲ್ಲಿ ನಾಲ್ಕನೆಯ ಮಟ್ಟದಲ್ಲೂ ಇನ್ನೊಂದರಲ್ಲಿ ಎರಡನೆಯದರಲ್ಲೂ ಇರಬಹುದು, ಹಾಗಾಗಿ ಪ್ರತಿ ಕೆಲಸಕ್ಕೂ ಬೇರೆಯಾಗಿ ಹೇಳಿ.

4. ಮೊದಲ ತಪಾಸಣೆ ಬೇಗ ಇಡಿ. ಕೆಲಸ ಕಾಲು ಭಾಗ ಆಗಿರುವಾಗ ನೋಡಿ. ಹತ್ತು ದಿನದ ಕೆಲಸವಾದರೆ ಮೂರನೆಯ ದಿನ. ದಾರಿ ತಪ್ಪಿದ್ದರೆ ಹಿಂತಿರುಗುವುದು ಅಗ್ಗ. ನನ್ನ ವರದಿಯ ಕಥೆಯಲ್ಲಿ ನಾನು ಮಾಡದಿದ್ದದ್ದು ಇದನ್ನೇ. ಮೊದಲ ಎರಡು ಪುಟ ನೋಡಿ ಹತ್ತು ನಿಮಿಷ ಮಾತಾಡಿದ್ದರೆ ಆ ರಾತ್ರಿ ಉಳಿಯುತ್ತಿತ್ತು, ಅವಳ ಹುರುಪೂ ಉಳಿಯುತ್ತಿತ್ತು.

5. ಹಿಂದಕ್ಕೆ ತೆಗೆದುಕೊಳ್ಳಬೇಡಿ. ಮಧ್ಯದಲ್ಲಿ ಬಂದು "ಇದು ಆಗುತ್ತಿಲ್ಲ, ಏನು ಮಾಡಲಿ?" ಎಂದಾಗ "ಬಿಡಿ, ನಾನು ನೋಡುತ್ತೇನೆ" ಎಂಬ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದನ್ನು ನುಂಗಿ. "ಇಲ್ಲಿಯವರೆಗೆ ಏನೇನು ಮಾಡಿ ನೋಡಿದಿರಿ? ನಿಮ್ಮ ಮುಂದೆ ಎಷ್ಟು ದಾರಿ ಇದೆ? ನೀವಾದರೆ ಯಾವುದು ಆರಿಸುತ್ತೀರಿ?" ಎಂದು ಕೇಳಿ. ಹೊಸಬರಾಗಿದ್ದು ನಿಜಕ್ಕೂ ಗೊತ್ತಿಲ್ಲದಿದ್ದರೆ ಪ್ರಶ್ನೆ ಕೇಳಿ ಸತಾಯಿಸಬೇಡಿ, ಪಕ್ಕದಲ್ಲಿ ಕೂತು ಮಾಡಿ ತೋರಿಸಿ, ಕೀಬೋರ್ಡ್ ಮಾತ್ರ ಅವರ ಕೈಯಲ್ಲೇ ಇರಲಿ.

ಬಂದ ಕೆಲಸ ನೀವು ಮಾಡುವ ರೀತಿಯಲ್ಲಿ ಇರುವುದಿಲ್ಲ. ಬೇರೆಯಾಗಿದೆಯೋ ತಪ್ಪಾಗಿದೆಯೋ ಎಂದು ಕೇಳಿಕೊಳ್ಳಿ. ಬೇರೆಯಾಗಿದ್ದರೆ ಬಿಡಿ. ತಪ್ಪಾಗಿದ್ದರೆ ಮಾಡಿದವರ ಕೈಯಿಂದಲೇ ತಿದ್ದಿಸಿ.

## ಹಂತ 5: ಹೊಗಳಿಕೆ ಮತ್ತು ತಿದ್ದುಪಡಿ (6ನೇ ವಾರದಿಂದ, ನಿರಂತರ)

ಫೀಡ್‌ಬ್ಯಾಕ್ ಕೊಟ್ಟರೆ ಜನ ಸುಧಾರಿಸುತ್ತಾರೆ ಎಂದು ಎಲ್ಲರೂ ನಂಬಿರುತ್ತಾರೆ. 1996ರಲ್ಲಿ ಕ್ಲೂಗರ್ ಮತ್ತು ಡೆನಿಸಿ ಎಂಬ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದಾಗ ಸರಾಸರಿಯಲ್ಲಿ ಅದು ಸಹಾಯ ಮಾಡುತ್ತಿತ್ತು, ನಿಜ. ಆದರೆ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸದ ಗುಣಮಟ್ಟ ಇಳಿದಿತ್ತು. ಗಮನ ಕೆಲಸದಿಂದ ಸರಿದು ವ್ಯಕ್ತಿಯ ಮೇಲೆ, 'ನಾನು ಎಂಥವನು' ಎಂಬ ಪ್ರಶ್ನೆಯ ಮೇಲೆ ಹೋದಷ್ಟೂ ಫಲ ಕಡಿಮೆ ಎಂಬುದು ಅವರು ಕೊಟ್ಟ ವಿವರಣೆ.

ಹಾಗಾಗಿ ನಾಲ್ಕು ತುಣುಕುಗಳಲ್ಲಿ ಹೇಳಿ: ಯಾವ ಸಂದರ್ಭ, ನೀವು ಕಂಡದ್ದು ಏನು, ಅದರಿಂದ ಏನಾಯಿತು, ಮುಂದೆ ಏನು. "ನಿಮಗೆ ಜವಾಬ್ದಾರಿಯೇ ಇಲ್ಲ" ಎಂಬ ಮಾತಿನಲ್ಲಿ ಈ ನಾಲ್ಕರಲ್ಲಿ ಒಂದೂ ಇಲ್ಲ. "ನಿನ್ನೆಯ ಗ್ರಾಹಕರ ಕರೆಯಲ್ಲಿ ಅಂಕಿಗಳು ಕೇಳಿದಾಗ ನಮ್ಮ ಹತ್ತಿರ ಹಾಳೆ ಇರಲಿಲ್ಲ. ಅವರು ನಿರ್ಧಾರವನ್ನು ಮುಂದಿನ ವಾರಕ್ಕೆ ಹಾಕಿದರು. ಮುಂದಿನ ಕರೆಗೆ ಹಿಂದಿನ ಸಂಜೆಯೇ ಹಾಳೆ ಸಿದ್ಧ ಇರಲು ಏನು ಮಾಡೋಣ?" ಇದರಲ್ಲಿ ನಾಲ್ಕೂ ಇವೆ, ಕೇಳುವವರಿಗೆ ಜಗಳಕ್ಕೆ ಏನೂ ಸಿಗುವುದಿಲ್ಲ.

ಹೊಗಳಿಕೆಗೂ ಇದೇ ಅಚ್ಚು. "ಸೂಪರ್, ಚೆನ್ನಾಗಿ ಮಾಡಿದಿರಿ" ಎಂದರೆ ಖುಷಿಯಾಗುತ್ತದೆ, ಕಲಿಕೆ ಆಗುವುದಿಲ್ಲ. ಯಾವುದು ಚೆನ್ನಾಗಿತ್ತು ಎಂದು ಗೊತ್ತಾದರೆ ಮಾತ್ರ ಅದನ್ನೇ ಮತ್ತೆ ಮಾಡಬಹುದು. ತಿದ್ದುಪಡಿ ಶುರುಮಾಡುವ ಎರಡು ವಾರ ಮೊದಲೇ ಹೊಗಳಿಕೆ ಶುರುಮಾಡಿ, ನಿಜವಾದದ್ದನ್ನು ಮಾತ್ರ.

ಎರಡು ಹೊಗಳಿಕೆಯ ನಡುವೆ ಒಂದು ಟೀಕೆ ಇಟ್ಟು ಕೊಡುವ ಪದ್ಧತಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಒಂದೆರಡು ಸಲ ಆದ ಮೇಲೆ ನೀವು ಹೊಗಳಲು ಶುರುಮಾಡಿದ ಕೂಡಲೇ ಅವರು 'ಆದರೆ' ಎಂಬ ಪದಕ್ಕೆ ಕಾಯುತ್ತಾರೆ, ಹೊಗಳಿಕೆಯ ಬೆಲೆಯೂ ಹೋಗುತ್ತದೆ. ತಿದ್ದುವುದಿದ್ದರೆ ಒಬ್ಬರೇ ಇರುವಾಗ, ಎರಡು ದಿನದೊಳಗೆ, ಒಂದು ಸಲಕ್ಕೆ ಒಂದೇ ವಿಷಯ. ಚಾಟ್ ಮೆಸೇಜ್‌ನಲ್ಲಿ ಬೇಡ: ಬರಹದಲ್ಲಿ ದನಿ ಇರುವುದಿಲ್ಲ, ಓದುವವರು ತಮ್ಮ ಭಯದ ದನಿಯನ್ನೇ ಅದಕ್ಕೆ ಹಾಕಿಕೊಳ್ಳುತ್ತಾರೆ. 2ನೇ ಹಂತದಲ್ಲಿ ಅವರು ಹೇಳಿದ್ದನ್ನು ತೆಗೆದು ನೋಡಿ. "ನನಗೆ ನೇರವಾಗಿ ಹೇಳಿ" ಎಂದವರಿಗೆ ಸುತ್ತಿಬಳಸಬೇಡಿ.

ಕಂಡದ್ದನ್ನು ತಾರೀಖು ಹಾಕಿ ನೋಟ್‌ಬುಕ್ಕಿಗೆ ಇಳಿಸಿ, ಒಳ್ಳೆಯದನ್ನೂ. 1920ರಲ್ಲೇ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದಾಗ, ಒಂದು ಗುಣದಲ್ಲಿ ಮೆಚ್ಚಿದವರಿಗೆ ಸಂಬಂಧವಿಲ್ಲದ ಬೇರೆ ಗುಣಗಳಲ್ಲೂ ಹೆಚ್ಚು ಅಂಕ ಬಿದ್ದಿತ್ತು. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ನೆನಪನ್ನಷ್ಟೇ ನಂಬಿ ಕೂತರೆ ನಮಗೂ ಅದೇ ಆಗುತ್ತದೆ: ಚೆನ್ನಾಗಿ ಮಾತಾಡುವವರು ಚೆನ್ನಾಗಿ ಕೆಲಸವನ್ನೂ ಮಾಡಿದಂತೆ ಕಾಣುತ್ತಾರೆ, ಮೌನಿಗಳು ನಷ್ಟ ಅನುಭವಿಸುತ್ತಾರೆ.

## ಹಂತ 6: ಕಷ್ಟದ ಮಾತುಕತೆ (ಬೇಕಾದಾಗ, ಮುಂದೂಡದೆ)

ಮೂರು ಸಲ ಹೇಳಿದರೂ ಬದಲಾಗಲಿಲ್ಲ ಎಂದಾಗ ಕೂರಬೇಕಾದ ಮಾತುಕತೆ ಇದು. ಕೂರುವ ಮೊದಲು ಕಾರಣ ಹುಡುಕಿ, ಇದೇ ಸಾಲಿನಲ್ಲಿ: ಅವರಿಗೆ ಏನು ಬೇಕೆಂದು ಗೊತ್ತಿಲ್ಲವೇ? ಗೊತ್ತಿದ್ದೂ ಮಾಡಲು ಬರುವುದಿಲ್ಲವೇ? ಬಂದರೂ ಏನಾದರೂ ಅಡ್ಡಿ ಇದೆಯೇ, ಕೆಲಸದಲ್ಲೋ ಮನೆಯಲ್ಲೋ? ಈ ಮೂರೂ ಅಲ್ಲದಿದ್ದರೆ ಮಾತ್ರ ನಾಲ್ಕನೆಯದು, ಮನಸ್ಸಿಲ್ಲವೇ? ಸಿಟ್ಟಿನಲ್ಲಿರುವ ಮ್ಯಾನೇಜರ್ ನಾಲ್ಕನೆಯದರಿಂದಲೇ ಶುರುಮಾಡುತ್ತಾರೆ. ನಾನು ಕಂಡ ಹೆಚ್ಚಿನ ಪ್ರಕರಣಗಳು ಮೊದಲ ಮೂರರಲ್ಲೇ ಬಗೆಹರಿದಿವೆ.

ತಾರೀಖಿನೊಂದಿಗೆ ಮೂರು ಉದಾಹರಣೆ ಸಿದ್ಧವಿರಲಿ. ಮೊದಲ ವಾಕ್ಯವನ್ನು ಬರೆದುಕೊಳ್ಳಿ, ಹವಾಮಾನ ವಿಚಾರಿಸುತ್ತಾ ಹತ್ತು ನಿಮಿಷ ಕಳೆಯಬೇಡಿ. "ಈ ತಿಂಗಳು ಮೂರು ಕೆಲಸ ಗಡುವು ದಾಟಿದವು. ಅದರ ಬಗ್ಗೆ ಮಾತಾಡಲು ಕರೆದಿದ್ದೇನೆ. ನಿಮ್ಮ ಕಡೆಯಿಂದ ಏನಾಯಿತು ಎಂದು ಮೊದಲು ಕೇಳಬೇಕು." ಅಷ್ಟು ಹೇಳಿ ನಿಲ್ಲಿಸಿ. ಅಳು ಬಂದರೆ ಮಾತು ನಿಲ್ಲಿಸಿ ಕಾಯಿರಿ, ನೀರು ಕೊಡಿ, ಬೇಕಾದರೆ ಒಂದು ಗಂಟೆ ಬಿಟ್ಟು ಕೂರಿ. ವಿಷಯವನ್ನೇ ಕೈಬಿಡಬೇಡಿ. ಕೋಪ ಬಂದರೆ ದನಿ ಏರಿಸಬೇಡಿ. ಬೇರೆಯವರ ಜೊತೆ ಹೋಲಿಕೆ ಬೇಡವೇ ಬೇಡ. ಒಮ್ಮೆ ಹೋಲಿಸಿದರೆ ಇಬ್ಬರನ್ನು ಕಳೆದುಕೊಳ್ಳುತ್ತೀರಿ.

ಎದ್ದೇಳುವ ಮೊದಲು ಎರಡು ವಾರದಲ್ಲಿ ಏನು ಬದಲಾಗಿರಬೇಕು, ನೀವೇನು ಸಹಾಯ ಮಾಡುತ್ತೀರಿ, ಮತ್ತೆ ಯಾವ ದಿನ ಕೂರುತ್ತೀರಿ ಎಂದು ತೀರ್ಮಾನಿಸಿ, ಅದೇ ದಿನ ಮೂರು ಸಾಲು ಬರೆದು ಕಳಿಸಿ. ಎರಡು ವಾರದ ನಂತರ ಆ ದಿನ ಮರೆತರೆ ಇಷ್ಟೂ ಮಾಡಿದ್ದು ನೀರಿನಲ್ಲಿ ಹೋಮ ಮಾಡಿದಂತೆ.

ಒಂದು ಗಡಿ ನೆನಪಿರಲಿ. ಕಿರುಕುಳ, ವಂಚನೆ, ಸುರಕ್ಷತೆಗೆ ಸಂಬಂಧಿಸಿದ ದೂರು ಬಂದರೆ ನೀವೇ ಪಂಚಾಯಿತಿ ಮಾಡಲು ಹೋಗಬೇಡಿ. ನೇರ ಮಾನವ ಸಂಪನ್ಮೂಲ ವಿಭಾಗಕ್ಕೆ ಅಥವಾ ಸಂಬಂಧಪಟ್ಟ ಸಮಿತಿಗೆ ಒಯ್ಯಿರಿ. "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ, ಹೇಳ್ತೀನಿ" ಎಂದು ಯಾರಾದರೂ ಕೇಳಿದರೆ ಆ ಮಾತು ಕೊಡಬೇಡಿ. "ಕೆಲವು ವಿಷಯ ನಾನು ಮುಚ್ಚಿಡುವಂತಿಲ್ಲ, ಆದರೆ ಅಗತ್ಯ ಇರುವವರಿಗೆ ಮಾತ್ರ ಹೇಳುತ್ತೇನೆ" ಎನ್ನಿ.

## ಹಂತ 7: ಮೀಟಿಂಗ್‌ಗಳು

ಇದನ್ನು ಬೇಗ ಮುಗಿಸುತ್ತೇನೆ. ಕೊನೆಗೆ ಯಾವ ನಿರ್ಧಾರ ಬೇಕು ಎಂದು ಒಂದು ವಾಕ್ಯದಲ್ಲಿ ಬರೆಯಲು ಆಗದ ಮೀಟಿಂಗ್ ಕರೆಯಬೇಡಿ. ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ, ಮೊದಲೇ ಹೇಳಿದರೆ ಉಳಿದವರದು ತಲೆಯಾಡಿಸುವ ಕೆಲಸ. ಯಾರು, ಏನು, ಯಾವಾಗ ಎಂದು ಬರೆಯದೆ ಎದ್ದೇಳಬೇಡಿ.

## ಹಂತ 8: ಕೆಟ್ಟ ಸುದ್ದಿಗೆ ದಾರಿ ತೆರೆದಿಡಿ

ಆಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ತಂಡಗಳನ್ನು ಅಧ್ಯಯನ ಮಾಡುತ್ತಿದ್ದಾಗ, ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವ ತಪ್ಪುಗಳು ಕಡಿಮೆ ಇರುತ್ತವೆ ಎಂದು ನಿರೀಕ್ಷಿಸಿದ್ದರು. ಅಂಕಿಗಳು ತಿರುಗುಮುರುಗಾಗಿ ಬಂದವು, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ದಾಖಲಾಗಿತ್ತು. ಅಲ್ಲಿ ಜನ ತಪ್ಪನ್ನು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು ಎಂಬುದು ಅವರು ಕಂಡುಕೊಂಡ ವಿವರಣೆ.

ನಿಮ್ಮ ತಂಡ ಹೇಳುವ ಗುಂಪಿಗೋ ಮುಚ್ಚಿಡುವ ಗುಂಪಿಗೋ ಎಂಬುದನ್ನು ನಿರ್ಧರಿಸುವುದು, ಕೆಟ್ಟ ಸುದ್ದಿ ಕೇಳಿದ ಮೊದಲ ಐದು ಸೆಕೆಂಡಿನ ನಿಮ್ಮ ಮುಖ. "ಹೇಳಿದ್ದು ಒಳ್ಳೆಯದಾಯಿತು. ಈಗ ಮೊದಲು ಏನು ಮಾಡಬೇಕು?" ಎಂಬ ವಾಕ್ಯವನ್ನು ಅಭ್ಯಾಸ ಮಾಡಿ ಇಟ್ಟುಕೊಳ್ಳಿ. ಯಾಕಾಯಿತು ಎಂಬುದು ಬೆಂಕಿ ಆರಿದ ಮೇಲೆ. ಮೇಲಿನವರ ಮುಂದೆ ಹೋದಾಗ ತಪ್ಪಿಗೆ 'ನಮ್ಮ ತಂಡದಲ್ಲಿ' ಎನ್ನಿ, ಯಶಸ್ಸಿಗೆ ವ್ಯಕ್ತಿಯ ಹೆಸರು ಹೇಳಿ. ನೀವು ಅಲ್ಲಿ ಹೇಳಿದ್ದು ತಂಡದ ಕಿವಿಗೆ ಬಿದ್ದೇ ಬೀಳುತ್ತದೆ.

## ದಾರಿ ತಪ್ಪುತ್ತಿದೆ ಎಂಬ ಸೂಚನೆಗಳು

ನೀವು ಬಂದ ಕೂಡಲೇ ಮಾತು ನಿಲ್ಲುತ್ತದೆ. ಒಂದಿಡೀ ತಿಂಗಳು ಯಾರೂ ಕೆಟ್ಟ ಸುದ್ದಿ ತಂದಿಲ್ಲ. ಪಟ್ಟಿಯಲ್ಲಿ ನಾಲ್ಕೈದು ಕೆಲಸಗಳು 'ಲೀಡ್ ಒಪ್ಪಿಗೆಗೆ ಕಾಯುತ್ತಿದೆ' ಎಂಬಲ್ಲಿ ನಿಂತಿವೆ. ಮೊದಲು ವಾದ ಮಾಡುತ್ತಿದ್ದವರು ಈಗ ಎಲ್ಲದಕ್ಕೂ "ಆಯ್ತು ಸರ್" ಎನ್ನುತ್ತಾರೆ. ಕೊನೆಯದು ಎಲ್ಲಕ್ಕಿಂತ ಗಂಭೀರ. ಅದನ್ನು ಶಾಂತಿ ಎಂದು ತಪ್ಪು ತಿಳಿಯಬೇಡಿ, ಬಹಳ ಸಲ ಅವರು ಆಗಲೇ ಬೇರೆ ಕಡೆ ಕೆಲಸ ಹುಡುಕುತ್ತಿರುತ್ತಾರೆ.

ಇಂಥದ್ದು ಕಂಡರೆ ಈಗಿರುವ ಹಂತದಲ್ಲಿ ಇನ್ನೂ ಜೋರಾಗಿ ತಳ್ಳಬೇಡಿ. 2ನೇ ಹಂತಕ್ಕೆ ಹಿಂತಿರುಗಿ, ಎಲ್ಲರ ಜೊತೆ ಇನ್ನೊಂದು ಸುತ್ತು ಕೂರಿ. ಈ ಸಲದ ಪ್ರಶ್ನೆ ಒಂದೇ: "ನಾನು ಯಾವುದನ್ನು ನಿಲ್ಲಿಸಿದರೆ ನಿಮಗೆ ಕೆಲಸ ಸಲೀಸಾಗುತ್ತದೆ?"

## 90ನೇ ದಿನದ ಪರೀಕ್ಷೆ

ಐದು ದಿನ ರಜೆ ಹಾಕಿ. ಎರಡು ವಾರ ಮೊದಲೇ ತಿಳಿಸಿ, ನಿಮ್ಮ ಬದಲು ಯಾರು, ಅವರಿಗೆ ಯಾವ ಮಟ್ಟದ ಅಧಿಕಾರ ಎಂದು ಬರೆದು ಹೊರಡಿ. ಫೋನ್ ಆನ್ ಇರಲಿ, ಆದರೆ ನೀವಾಗಿ ಕರೆ ಮಾಡಬೇಡಿ. ನಿಮಗೆ ಬಂದ ಒಂದೊಂದು ಕರೆಯನ್ನೂ ಬರೆದಿಡಿ: ಯಾರು, ಯಾಕೆ.

ಹಿಂತಿರುಗಿದ ದಿನ ಆ ಪಟ್ಟಿಯನ್ನು ಹಂತಗಳ ಪಕ್ಕ ಇಟ್ಟು ನೋಡಿ. "ಇದು ಹೇಗಿರಬೇಕು?" ಎಂದು ಬಂದ ಕರೆ 3ನೇ ಹಂತದ ಕೊರತೆ. "ಇದನ್ನು ಮಾಡಲಾ?" ಎಂಬುದು 4ನೆಯದರಲ್ಲಿ ಅಧಿಕಾರದ ಮಟ್ಟ ಹೇಳದಿದ್ದದ್ದು. ಏನೋ ಕೆಟ್ಟಿದ್ದು ಯಾರೂ ಕರೆ ಮಾಡಲೇ ಇಲ್ಲ ಎಂದಾದರೆ 8ನೆಯದು. ಮುಂದಿನ ಮೂರು ತಿಂಗಳು ಯಾವ ಹಂತದಿಂದ ಶುರುಮಾಡಬೇಕು ಎಂಬುದನ್ನು ಈ ಪಟ್ಟಿಯಿಂದಲೇ ಆರಿಸಿ, ಅದೇ ವಾರ ನೋಟ್‌ಬುಕ್ಕಿನ ಹೊಸ ಪುಟ ತೆರೆಯಿರಿ.